ಕರಾವಳಿಲಿ ವಲಸೆ ಹಕ್ಕಿ ನೋಡೋಕೆ ಹೋಗೋರು ಮೊದಲು ಭರತ-ಇಳಿತ ನೋಡ್ಕೊಳ್ಳಿ

ಕೆರೆ ಏರಿ ಮೇಲೆ ನಿಂತು ಹಕ್ಕಿ ನೋಡಿ ಅಭ್ಯಾಸ ಆದೋರು ಕಡಲ ಕಡೆ ಬಂದಾಗ ಮಾಡೋದು ಒಂದೇ ಕೆಲಸ, ಬೆಳಿಗ್ಗೆ ಆರಕ್ಕೆ ಎದ್ದು ಬೀಚಲ್ಲಿ ಹೋಗಿ ನಿಲ್ಲೋದು, ಎಂಟೂವರೆ ತನಕ ಕಾಯೋದು, ಆಮೇಲೆ "ಎಂಥದೂ ಇಲ್ಲ ಮಾರ್ರೆ, ಬರೀ ಕಾಗೆ, ಗರುಡ" ಅಂತ ಬನ್ಸ್ ತಿನ್ನೋಕೆ ಹೋಟೆಲ್ ಹುಡುಕೋದು. ಹಕ್ಕಿ ಇರ್ತವೆ, ಆದ್ರೆ ಆ ಟೈಮಲ್ಲಿ ಅವು ಎರಡು ಕಿಲೋಮೀಟರ್ ಆಚೆ ಹೊಳೆ ಮಧ್ಯದ ಕೆಸರಲ್ಲಿ ಚದುರಿಹೋಗಿ ತಿಂತಾ ಇರ್ತವೆ. ಕಾಡಿನ ಹಕ್ಕಿಗೆ ಬೆಳಕು ಹೆಂಗೋ ಅಳಿವೆ (ಹೊಳೆ ಕಡಲಿಗೆ ಸೇರೋ ಜಾಗ) ಹಕ್ಕಿಗೆ ನೀರು ಹಂಗೆ. ಕೆಸರು ತೆರೆದ್ರೆ ಊಟ, ಮುಚ್ಚಿದ್ರೆ ನಿದ್ದೆ. ರಾತ್ರಿ ಇಳಿತ ಇದ್ರೆ ರಾತ್ರಿನೂ ತಿಂತವೆ, ಬೆಳಗಾಯ್ತಾ ಇಲ್ವಾ ಅನ್ನೋದು ಅವಕ್ಕೆ ಬೇಕಾಗೇ ಇಲ್ಲ.

ಹಂಗಾಗಿ ಅಲಾರಂ ಇಡೋಕೆ ಮುಂಚೆ ನೀರಿನ ಲೆಕ್ಕ ಹಿಡೀಬೇಕು. ನಮ್ಮ ಕಡಲಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಭರತ ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ ಆಗ್ತಾ ಹೋಗತ್ತೆ, ಅಂದ್ರೆ ಹೋದ ಭಾನುವಾರ ಒಳ್ಳೆ ಟೈಮ್ ಸಿಕ್ತು ಅಂತ ಈ ಭಾನುವಾರನೂ ಅದೇ ಗಂಟೆಗೆ ಹೋದ್ರೆ ಪೂರ್ತಿ ಉಲ್ಟಾ ಆಗಿರತ್ತೆ. ಅಮಾಸೆ, ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಏರತ್ತೆ, ಜಾಸ್ತಿ ಇಳಿಯತ್ತೆ. ಅಷ್ಟಮಿ ಹೊತ್ತಿಗೆ ಏರಿಳಿತ ಸಣ್ಣದು. ಹಕ್ಕಿ ನೋಡೋಕೆ ನನ್ನ ಆಯ್ಕೆ ಅಮಾಸೆ-ಹುಣ್ಣಿಮೆ ಆಗಿ ಒಂದೆರಡು ದಿನದ ದೊಡ್ಡ ಭರತ, ಯಾಕಂದ್ರೆ ಆಗ ಕೆಸರೆಲ್ಲಾ ಮುಳುಗಿಹೋಗಿ ಹಕ್ಕಿಗಳಿಗೆ ನಿಲ್ಲೋಕೆ ಒಂದೋ ಎರಡೋ ಮರಳ ದಿಬ್ಬ ಮಾತ್ರ ಉಳಿಯತ್ತೆ, ಇಡೀ ಹೊಳೇಲಿ ಹರಡಿದ್ದ ಗುಂಪೆಲ್ಲಾ ಅಲ್ಲಿಗೇ ಬಂದು ಸೇರತ್ತೆ. ನೀರು ಪೂರ್ತಿ ಏರೋಕೆ ಎರಡು, ಎರಡೂವರೆ ಗಂಟೆ ಮುಂಚೆ ಜಾಗ ಹಿಡಿದು ಕೂತ್ಕೊಳ್ಳಿ, ನೀರೇ ಹಕ್ಕಿಗಳನ್ನ ತಳ್ಳಿ ತಳ್ಳಿ ನಿಮ್ಮ ಹತ್ರ ತರತ್ತೆ. ಏರಿ ಆದ ಮೇಲೂ ಒಂದು ಗಂಟೆ ಏಳ್ಬೇಡಿ, ಇಳಿಯೋಕೆ ಶುರುವಾದ ತಕ್ಷಣ ಹಸಿದ ಹಕ್ಕಿಗಳು ಮೊದಲು ತೆರೆಯೋ ಕೆಸರಿಗೆ ನುಗ್ಗೋದು ನೋಡೋಕೆ ಮಜಾ.

ಟೈಮ್ ಎಲ್ಲಿ ಸಿಗತ್ತೆ ಅಂದ್ರೆ ಕಡಲ ಮಾಹಿತಿ ಕೊಡೋ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಸೈಟಲ್ಲಿ ಇರತ್ತೆ, ಫೋನಿಗೆ ಟೈಡ್ ಆಪ್‌ಗಳು ಬೇಕಾದಷ್ಟಿವೆ, ಕಾರವಾರ ಅಥವಾ ಮಂಗಳೂರು ಅಂತ ಹಾಕಿದ್ರೆ ಸಾಕು. ಒಂದು ವಿಷಯ ನೆನಪಿರ್ಲಿ, ಆಪ್ ಹೇಳೋದು ಬಂದರಿನ ಟೈಮ್, ಹೊಳೆ ಒಳಗೆ ಹೋದಷ್ಟೂ ಭರತ ತಡವಾಗಿ ತಲುಪತ್ತೆ. ನಿಮ್ಮ ಜಾಗಕ್ಕೆ ಎಷ್ಟು ತಡ ಅಂತ ಅಲ್ಲಿ ಬಳಚು (ಕಪ್ಪೆಚಿಪ್ಪು) ತೆಗೆಯೋರನ್ನ ಕೇಳಿ, ಅವರಿಗೆ ಆಪ್ ಬೇಡ, ಚಂದ್ರನ ಲೆಕ್ಕದಲ್ಲೇ ಹೇಳ್ತಾರೆ, ಸರಿಯಾಗೂ ಇರತ್ತೆ.

ಯಾವಾಗ ಹೋಗೋದು ಅಂತ ಕೇಳಿದ್ರೆ ಎಲ್ಲರೂ ಡಿಸೆಂಬರ್, ಜನವರಿ ಅಂತಾರೆ. ಚಳಿಗಾಲದ ಲೆಕ್ಕಕ್ಕೆ ಅದು ಸರಿ, ಆದ್ರೆ ವಲಸೆ ನಡೀತಾ ಇರೋದನ್ನ ನೋಡ್ಬೇಕಂದ್ರೆ ಆಗಸ್ಟ್ ಕೊನೆಯಿಂದ ನವೆಂಬರ್ ತನಕ ಬರ್ಬೇಕು. ನೂಲ ಹುಣ್ಣಿಮೆಗೆ ಮಲ್ಪೇಲಿ ಸಮುದ್ರ ಪೂಜೆ ಆಗೋ ಹೊತ್ತಿಗೆ, ಇನ್ನೂ ಮಳೆ ಹೊಡೀತಿರುವಾಗ್ಲೇ, ವಿಂಬ್ರೆಲ್ (ಬಾಗಿದ ಉದ್ದ ಕೊಕ್ಕಿನ ಹಕ್ಕಿ), ಸ್ಯಾಂಡ್ ಪ್ಲೋವರ್ (ಚಿಕ್ಕ ಕೊಕ್ಕಿನ ಪುಟ್ಟ ಹಕ್ಕಿ) ಬರೋಕೆ ಶುರು. ಮೊದಲು ಬರೋವು ಬೆಳೆದ ದೊಡ್ಡ ಹಕ್ಕಿಗಳು, ಸ್ಯಾಂಡ್ ಪ್ಲೋವರ್‌ಗಳ ಎದೆ ಮೇಲೆ ಬೇಸಿಗೆ ಪುಕ್ಕದ ಇಟ್ಟಿಗೆ ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿರತ್ತೆ. ಮರಿಗಳು ಆಮೇಲೆ ಬರ್ತವೆ. ಇದನ್ನ ಯೋಚನೆ ಮಾಡಿದ್ರೆ ನಂಗೆ ಈಗ್ಲೂ ತಲೆ ಕೆಡತ್ತೆ, ಎಷ್ಟೋ ಜಾತಿಗಳಲ್ಲಿ ಅಪ್ಪ ಅಮ್ಮ ಮುಂಚೆ ಹೊರಟುಬಿಡ್ತವೆ, ಆ ವರ್ಷ ಮೊಟ್ಟೆಯಿಂದ ಬಂದ ಮರಿ ದಾರಿ ತೋರ್ಸೋರಿಲ್ದೆ ಲಡಾಖ್, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಕುಂದಾಪುರದ ಕೋಡಿಗೆ ಬಂದು ಇಳಿಯತ್ತೆ. ಮರಿ ಹಕ್ಕಿ ಗುರುತಿಸೋದು ಸುಲಭ, ಬೆನ್ನ ಮೇಲಿನ ಒಂದೊಂದು ಪುಕ್ಕಕ್ಕೂ ತಿಳಿ ಬಣ್ಣದ ಅಂಚು, ಮೀನಿನ ಪೊರೆ ಜೋಡ್ಸಿದ ಹಾಗೆ, ಎಲ್ಲಾ ಹೊಸದು, ನೀಟು. ದೊಡ್ಡ ಹಕ್ಕಿ ಪುಕ್ಕ ಸವೆದು ಮಾಸಲಾಗಿರತ್ತೆ. ನವೆಂಬರ್ ದಾಟಿದ್ರೆ ಈ ವ್ಯತ್ಯಾಸ ಕಷ್ಟ, ಎಲ್ಲಾ ಬೂದಿ ಬಣ್ಣ.

ಸೆಪ್ಟೆಂಬರ್‌ನಲ್ಲಿ ರೀವಗಳ (ಇಂಗ್ಲಿಷಲ್ಲಿ ಟರ್ನ್) ಓಡಾಟ ಜೋರು. ಗಲ್ ಅನ್ನೋ ಕಡಲಕ್ಕಿಗಳು ದೊಡ್ಡ ಸಂಖ್ಯೇಲಿ ಬರೋದು ಅಕ್ಟೋಬರ್ ಆದ ಮೇಲೆ.

ಜಾಗದ ವಿಷಯ. ಉದ್ದಕ್ಕೆ ನೇರವಾಗಿರೋ, ಜನ ಓಡಾಡೋ ಬೀಚಲ್ಲಿ ಟೈಮ್ ವೇಸ್ಟ್ ಮಾಡ್ಬೇಡಿ. ಹೊಳೆ ಕಡಲಿಗೆ ಸೇರೋ ಜಾಗ, ಅಳಿವೆ ಬಾಗಿಲು, ಅಲ್ಲಿ ಹುಡುಕಿ. ಉತ್ತರದಿಂದ ಬಂದ್ರೆ ಕಾರವಾರದ ಕಾಳಿ, ಆಮೇಲೆ ಗಂಗಾವಳಿ, ಅಘನಾಶಿನಿ, ಹೊನ್ನಾವರದ ಶರಾವತಿ, ಗಂಗೊಳ್ಳಿ-ಕುಂದಾಪುರದ ಪಂಚಗಂಗಾವಳಿ, ಸ್ವರ್ಣಾ-ಸೀತಾ ಸೇರೋ ಕೋಡಿ ಬೆಂಗ್ರೆ, ಶಾಂಭವಿ-ನಂದಿನಿ ಸೇರೋ ಸಸಿಹಿತ್ಲು, ಕೊನೆಗೆ ನೇತ್ರಾವತಿ-ಗುರುಪುರ ಹೊಳೆ ಸೇರೋ ಮಂಗಳೂರು. ಮಂಗಳೂರಲ್ಲಿ ಸುಲ್ತಾನ್ ಬತ್ತೇರಿಯಿಂದ ದೋಣಿ ದಾಟಿ ತಣ್ಣೀರುಬಾವಿ ಕಡೆ ಹೋಗ್ಬಹುದು, ಇಲ್ಲಾಂದ್ರೆ ಉಳ್ಳಾಲದ ಕೋಟೆಪುರದಿಂದ ನೋಡ್ಬಹುದು. ಒಂದೇ ಜಾಗಕ್ಕೆ ಹೋಗೋಕಾಗೋದು ಅಂತಾದ್ರೆ ನಾನು ಹೇಳೋದು ಅಘನಾಶಿನಿ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಅಳಿವೆ ಅದು, ಹೊಳೆಗೆ ಅಣೆಕಟ್ಟು ಇಲ್ಲ, ಕೆಸರು ವಿಶಾಲ, ಬಳಚು, ಏಡಿ, ಹುಳ ಎಲ್ಲಾ ಸಮೃದ್ಧಿ. ಅಲ್ಲಿ ಬರೀ ಹೊಳೆ ನೋಡಿ ವಾಪಸ್ ಬರ್ಬೇಡಿ, ಉಪ್ಪುನೀರಿನ ಕಗ್ಗ ಭತ್ತ ಬೆಳೆಯೋ ಗಜನಿ ಗದ್ದೆಗಳಿವೆಯಲ್ಲ, ಭರತದ ಹೊತ್ತಲ್ಲಿ ಹೊಳೆಯಲ್ಲಿ ಜಾಗ ಇಲ್ಲದ ಹಕ್ಕಿಗಳು ಅಲ್ಲಿ ಬಂದು ಕೂರ್ತವೆ, ಗಜನಿ ಕಟ್ಟೆ ಮೇಲೆ ನಿಧಾನ ನಡೆದ್ರೆ ಗ್ರೀನ್‌ಶಾಂಕ್, ರೆಡ್‌ಶಾಂಕ್ ಅನ್ನೋ ಉದ್ದ ಕಾಲಿನ ಹಕ್ಕಿ ಸಿಗೋ ಚಾನ್ಸ್ ಚೆನ್ನಾಗಿದೆ. ಕಲ್ಲುಬಂಡೆ ಇರೋ ತೀರಕ್ಕೂ ಒಂದು ಸುತ್ತು ಹಾಕಿ, ಕಾಪು ದೀಪಸ್ತಂಭದ ಬುಡ ಅಥವಾ ಸೇಂಟ್ ಮೇರೀಸ್ ದ್ವೀಪ, ಅಲ್ಲಿ ರೀಫ್ ಈಗ್ರೆಟ್ ಅನ್ನೋ ಕಪ್ಪು-ಬೂದಿ ಬೆಳ್ಳಕ್ಕಿ, ಕಲ್ಲು ಮಗುಚೋ ಟರ್ನ್‌ಸ್ಟೋನ್ ನೋಡ್ಬಹುದು. ದ್ವೀಪಕ್ಕೆ ಮಳೆಗಾಲದಲ್ಲಿ ಬೋಟ್ ಇರಲ್ಲ, ಕಡಲು ತಣ್ಣಗಾದ ಮೇಲೆ ವಿಚಾರಿಸಿ. ಕಾರವಾರದಲ್ಲಿ ಮಾತ್ರ ಸ್ವಲ್ಪ ಹುಷಾರು, ನೌಕಾನೆಲೆ ಕಡೆಗೆ ಸ್ಕೋಪ್ (ಸ್ಟ್ಯಾಂಡ್ ಮೇಲಿಡೋ ದುರ್ಬೀನು), ಕ್ಯಾಮೆರಾ ತಿರುಗಿಸ್ಬೇಡಿ, ಆ ನೆಲೆಯ ಪ್ರಾಜೆಕ್ಟ್ ಹೆಸರು ಸೀ ಬರ್ಡ್ ಅಂತ ಇದೆ ಅಂದ್ಕೊಂಡು ಹೋದ್ರೆ ಪೊಲೀಸರಿಗೆ ಆ ಜೋಕ್ ಅರ್ಥ ಆಗಲ್ಲ.

ಬೆಳಕಿನ ಬಗ್ಗೆ ಯಾರೂ ಹೇಳಲ್ಲ, ಅದನ್ನ ಬರೆದುಬಿಡ್ತೀನಿ. ನಮ್ಮದು ಪಶ್ಚಿಮ ಕರಾವಳಿ, ಬೆಳಿಗ್ಗೆ ಸೂರ್ಯ ಘಟ್ಟದ ಕಡೆಯಿಂದ ಬರ್ತಾನೆ, ಅಂದ್ರೆ ಕಡಲಿಗೆ ಮುಖ ಮಾಡಿ ನಿಂತ್ರೆ ಬೆಳಕು ಬೆನ್ನಿಗೆ, ಹಕ್ಕಿ ಕಾಲಿನ ಬಣ್ಣ ಕೂಡ ಕಾಣತ್ತೆ. ಸಂಜೆ ಅದೇ ಜಾಗದಲ್ಲಿ ಎಲ್ಲಾ ಹಕ್ಕಿ ಕಪ್ಪು ನೆರಳು. ಸಂಜೆ ಭರತ ಇದ್ದ ದಿನ ಕಡಲು ಬಿಟ್ಟು ಹೊಳೆ ಕಡೆ ತಿರುಗಿ. ಕೋಡಿ ಬೆಂಗ್ರೆಯಂಥ ಜಾಗ ಇದಕ್ಕೇ ಇಷ್ಟ ನಂಗೆ, ಒಂದು ಕಡೆ ಕಡಲು ಇನ್ನೊಂದು ಕಡೆ ಹೊಳೆ, ಮಧ್ಯೆ ಕಿರಿದಾದ ನೆಲ, ಬೆಳಿಗ್ಗೆ ಪಶ್ಚಿಮಕ್ಕೆ ಸಂಜೆ ಪೂರ್ವಕ್ಕೆ ಮುಖ ಮಾಡಿದ್ರೆ ದಿನವಿಡೀ ಬೆಳಕು ನಿಮ್ಮ ಬೆನ್ನಿಗೇ. ಹತ್ತು ಗಂಟೆ ಮೇಲೆ ಮರಳು ಕಾದು ಗಾಳಿ ನಡುಗೋಕೆ ಶುರುವಾಗತ್ತೆ, ಆಗ ಎಷ್ಟು ದುಬಾರಿ ಸ್ಕೋಪ್ ಇದ್ರೂ ದೂರದ ಹಕ್ಕಿ ಕುಣಿಯೋ ಚುಕ್ಕೆ ಅಷ್ಟೇ.

ಸಾಮಾನು ಜಾಸ್ತಿ ಬೇಡ. 8x42 (ಎಂಟು ಪಟ್ಟು ದೊಡ್ಡದಾಗಿ ತೋರ್ಸೋ, 42 ಮಿ.ಮೀ. ಲೆನ್ಸಿನ) ಬೈನಾಕ್ಯುಲರ್ ಸಾಕು ಶುರುವಿಗೆ. ಆದ್ರೆ ನಿಜ ಹೇಳ್ಬೇಕಂದ್ರೆ ಕಡಲ ಹಕ್ಕಿಗೆ ಸ್ಕೋಪ್ ಇದ್ದೋರ ಜೊತೆ ಹೋಗೋದು ಬೇರೆನೇ ಅನುಭವ, ಸ್ವಂತ ತಗೋಳೋಕೆ ಮುಂಚೆ ಎರಡು ಮೂರು ಸಲ ಯಾರದ್ದಾದ್ರೂ ಸ್ಕೋಪಲ್ಲಿ ಇಣುಕಿ ನೋಡಿ. ಉಪ್ಪು ಗಾಳಿ ಲೆನ್ಸ್ ತಿನ್ನತ್ತೆ, ಮನೆಗೆ ಬಂದ ಮೇಲೆ ಒಣ ಬಟ್ಟೆಲಿ ಉಜ್ಜಬೇಡಿ, ಮರಳ ಕಣ ಗೀರು ಹಾಕತ್ತೆ, ಮೊದಲು ಊದಿ ಅಥವಾ ಬ್ರಷ್ ಮಾಡಿ, ಆಮೇಲೆ ಸ್ವಲ್ಪ ಒದ್ದೆ ಮಾಡಿದ ಲೆನ್ಸ್ ಬಟ್ಟೆಲಿ ಒರೆಸಿ. ಕಾಲಿಗೆ ಹಿಂದೆ ಸ್ಟ್ರ್ಯಾಪ್ ಇರೋ ಸ್ಯಾಂಡಲ್, ಬರಿಗಾಲಲ್ಲಿ ಕೆಸರಿಗೆ ಇಳಿದ್ರೆ ಚಿಪ್ಪು ಕುಯ್ಯತ್ತೆ.

ಈಗ ಗುರುತಿಸೋ ಕೆಲಸ. ಮೊದಲ ದಿನ ಎಲ್ಲಾ ಒಂದೇ ಥರ ಕಾಣ್ತವೆ, ಬೂದಿ ಬೆನ್ನು ಬಿಳಿ ಹೊಟ್ಟೆ, ಬೇಜಾರಾಗತ್ತೆ. ಬಣ್ಣ ಬಿಡಿ, ತಿನ್ನೋ ರೀತಿ ನೋಡಿ. ಓಡಿ, ಗಕ್ಕನೆ ನಿಂತು, ಸುಮ್ನೆ ನೋಡಿ, ಒಂದು ಸಲ ಕುಕ್ಕಿ, ಮತ್ತೆ ಓಡೋದು ಪ್ಲೋವರ್ ಜಾತಿ, ಕೊಕ್ಕು ಚಿಕ್ಕದು ಕಣ್ಣು ದೊಡ್ಡದು, ಕಣ್ಣಲ್ಲಿ ನೋಡಿ ಹಿಡಿಯತ್ತೆ. ತಲೆ ತಗ್ಗಿಸಿ ಹೊಲಿಗೆ ಮಷೀನಿನ ಸೂಜಿ ಹಾಗೆ ಬಿಡದೆ ಚುಚ್ತಾ ಹೋಗೋದು ಸ್ಯಾಂಡ್‌ಪೈಪರ್ ಕಡೆಯದು, ಅದು ಕೊಕ್ಕಿನ ತುದಿಯಿಂದ ಮುಟ್ಟಿ ಹುಡುಕತ್ತೆ. ಅಲೆ ವಾಪಸ್ ಹೋದಾಗ ಅದರ ಹಿಂದೆ ಓಡಿ, ಬಂದಾಗ ಮುಂದೆ ಓಡಿ ಬರೋ ಬೆಳ್ಳಗಿನ ಪುಟ್ಟ ಹಕ್ಕಿ ಸ್ಯಾಂಡರ್ಲಿಂಗ್. ಇಷ್ಟು ಬೇರೆ ಮಾಡೋಕೆ ಬಂದ್ರೆ ಅರ್ಧ ಕೆಲಸ ಆಯ್ತು.

ಪುಟ್ಟ ಪ್ಲೋವರ್‌ಗಳಲ್ಲಿ ಕತ್ತಿನ ಹಿಂಭಾಗ ನೋಡಿ. ಕುತ್ತಿಗೆ ಸುತ್ತ ಬಿಳಿ ಪಟ್ಟಿ ಪೂರ್ತಿ ಇದ್ದು, ಎದೆ ಮೇಲಿನ ಪಟ್ಟಿ ಮಧ್ಯೆ ತುಂಡಾಗಿದ್ರೆ ಕೆಂಟಿಷ್ ಪ್ಲೋವರ್. ಹಿಂದೆ ಬಿಳಿ ಪಟ್ಟಿ ಇಲ್ಲ ಅಂದ್ರೆ ಸ್ಯಾಂಡ್ ಪ್ಲೋವರ್. ಮೊದಲು ಲೆಸ್ಸರ್ ಸ್ಯಾಂಡ್ ಪ್ಲೋವರ್ ಅಂತ ಒಂದೇ ಇತ್ತು, ಈಗ ಅದನ್ನ ಸೈಬೀರಿಯನ್, ಟಿಬೆಟನ್ ಅಂತ ಎರಡು ಮಾಡಿದ್ದಾರೆ, ನಮ್ಮ ತೀರದಲ್ಲಿ ಹೆಚ್ಚಾಗಿ ಇರೋದು ಟಿಬೆಟನ್. ಜೊತೇಲೇ ಗ್ರೇಟರ್ ಸ್ಯಾಂಡ್ ಪ್ಲೋವರ್ ಇರತ್ತೆ, ಕೊಕ್ಕು ದಪ್ಪ ಉದ್ದ, ಕಾಲು ಉದ್ದ, ಕಾಲಿನ ಬಣ್ಣ ಸ್ವಲ್ಪ ಹಸಿರು-ಹಳದಿ ಕಡೆಗೆ. ಒಂಟಿಯಾಗಿದ್ರೆ ಖಡಾಖಂಡಿತ ಹೇಳೋಕೆ ಹೋಗ್ಬೇಡಿ, ಎರಡೂ ಅಕ್ಕಪಕ್ಕ ನಿಂತಾಗ ಕಣ್ಣಿಗೆ ತಾನೇ ಗೊತ್ತಾಗತ್ತೆ. ಗ್ರೇ ಪ್ಲೋವರ್ ಆರಾಮ, ಹಾರಿದಾಗ ಕಂಕುಳಲ್ಲಿ ಕಪ್ಪು ಮಚ್ಚೆ, ಬೇರೆ ಯಾವ ಪ್ಲೋವರಿಗೂ ಅದಿಲ್ಲ.

ಉದ್ದ ಕೊಕ್ಕಿನವುಗಳಲ್ಲಿ ಕೊಕ್ಕು ಎತ್ತ ಬಾಗಿದೆ ನೋಡಿ. ಕೆಳಗೆ ಬಾಗಿದ್ದು, ತಲೆ ಮೇಲೆ ಪಟ್ಟೆ ಇದ್ರೆ ವಿಂಬ್ರೆಲ್. ಕೊಕ್ಕು ನಂಬೋಕೇ ಆಗದಷ್ಟು ಉದ್ದ, ತಲೇಲಿ ಪಟ್ಟೆ ಇಲ್ಲ ಅಂದ್ರೆ ಕರ್ಲೂ. ಸ್ವಲ್ಪ ಮೇಲಕ್ಕೆ ಬಾಗಿದ್ದು, ದೊಡ್ಡ ಗಾತ್ರ, ಬಾರ್-ಟೇಲ್ಡ್ ಗಾಡ್ವಿಟ್. ಈ ಗಾಡ್ವಿಟ್ ಜಾತಿಯ ಒಂದು ಮರಿ ಹಕ್ಕಿ 2022ರ ಅಕ್ಟೋಬರ್‌ನಲ್ಲಿ ಅಲಾಸ್ಕದಿಂದ ಟಾಸ್ಮೇನಿಯಾಕ್ಕೆ 11 ದಿನದಲ್ಲಿ ಸುಮಾರು 13,560 ಕಿಲೋಮೀಟರ್ ಎಲ್ಲೂ ಇಳೀದೆ ಹಾರಿದ್ದು ಉಪಗ್ರಹ ಟ್ಯಾಗ್‌ನಿಂದ ಗೊತ್ತಾಗಿದೆ, ಅದು ಬೇರೆ ದಾರಿಯ ಹಕ್ಕಿ ಸರಿ, ನಮ್ಮಲ್ಲಿಗೆ ಬರೋದರ ದೇಹನೂ ಅದೇ ಥರದ್ದೇ ಅಲ್ವಾ. ಸಣ್ಣ ಗಾತ್ರ, ಮೇಲೆ ಬಾಗಿದ ಕೊಕ್ಕು, ಗಿಡ್ಡ ಕಿತ್ತಳೆ ಕಾಲು, ಏನೋ ಕಳ್ಕೊಂಡೋರ ಹಾಗೆ ಅತ್ತಿಂದಿತ್ತ ಓಡಾಡ್ತಿದ್ರೆ ಟೆರೆಕ್ ಸ್ಯಾಂಡ್‌ಪೈಪರ್.

ವಿಂಬ್ರೆಲ್ ಏಡಿ ತಿನ್ನೋದನ್ನ ಒಂದು ಸಲ ಪೂರ್ತಿ ನೋಡಿ, ಲಿಸ್ಟ್ ಉದ್ದ ಮಾಡೋ ಅವಸರದಲ್ಲಿ ಮುಂದೆ ಹೋಗ್ಬೇಡಿ. ಬಿಲದ ಬಾಯಿ ಹತ್ರ ನಿಂತು ತಲೆ ಓರೆ ಮಾಡತ್ತೆ, ಬಾಗಿದ ಕೊಕ್ಕು ಬಿಲದ ತಿರುವಿಗೆ ಸರಿಯಾಗಿ ಒಳಗಿಳಿಯತ್ತೆ, ಏಡಿನ ಎಳೆದು ತೆಗೆದು ಜೋರಾಗಿ ಒದರತ್ತೆ, ಒಂದು ಕಾಲು ಉದುರತ್ತೆ, ಮತ್ತೆ ಹಿಡಿದು ಒದರತ್ತೆ, ಇನ್ನೊಂದು ಕಾಲು, ಕೊಂಬು ಎಲ್ಲಾ ಹೋದ ಮೇಲೆ ಮೈ ಮಾತ್ರ ನುಂಗತ್ತೆ, ಕೆಲವೊಮ್ಮೆ ನೀರಲ್ಲಿ ಅದ್ದಿ ಮರಳು ತೊಳ್ಕೊಂಡು ನುಂಗತ್ತೆ. ಆಚೆ ಈಚೆ ಎರಡು ಮೂರು ಸ್ಯಾಂಡ್ ಪ್ಲೋವರ್ ನಿಂತಿರ್ತವೆ.

ಕಿವಿನೂ ಬಳಸಿ. ವಿಂಬ್ರೆಲ್ ಒಂದೇ ಸ್ವರದಲ್ಲಿ ಆರೇಳು ಸಲ ಪಟಪಟ ಸಿಳ್ಳೆ ಹಾಕತ್ತೆ, ಗ್ರೀನ್‌ಶಾಂಕ್ ಟ್ಯೂ-ಟ್ಯೂ-ಟ್ಯೂ ಅಂತ ಮೂರು, ಗ್ರೇ ಪ್ಲೋವರ್ ಸಿಳ್ಳೆ ಮಧ್ಯದಲ್ಲಿ ಇಳಿದು ಏಳತ್ತೆ, ದುಃಖದಲ್ಲಿ ಕರೆದ ಹಾಗೆ. ಹಾರಿದಾಗ ರೆಕ್ಕೆ ಹಿಂಬದಿ ಅಗಲವಾಗಿ ಬಿಳಿ ಕಂಡ್ರೆ ರೆಡ್‌ಶಾಂಕ್, ರೆಕ್ಕೇಲಿ ಬಿಳಿ ಇಲ್ದೆ ಬೆನ್ನ ಮೇಲೆ ಉದ್ದಕ್ಕೆ ಬಿಳಿ ಇದ್ರೆ ಗ್ರೀನ್‌ಶಾಂಕ್.

ರೀವಗಳಿಗೆ ಕೊಕ್ಕಿನ ಬಣ್ಣ ಸಾಕು. ಕಿತ್ತಳೆ ಇದ್ರೆ ಲೆಸ್ಸರ್ ಕ್ರೆಸ್ಟೆಡ್, ಮಾಸಲು ಹಳದಿ ಮತ್ತು ದೊಡ್ಡ ಮೈ ಇದ್ರೆ ಗ್ರೇಟರ್ ಕ್ರೆಸ್ಟೆಡ್, ಕಪ್ಪು ಕೊಕ್ಕಿಗೆ ಹಳದಿ ತುದಿ ಸ್ಯಾಂಡ್‌ವಿಚ್ ಟರ್ನ್, ದಪ್ಪ ಕಪ್ಪು ಗಲ್-ಬಿಲ್ಡ್, ಕ್ಯಾರೆಟ್‌ನಷ್ಟು ದಪ್ಪ ಕೆಂಪು ಕಂಡ್ರೆ ಕ್ಯಾಸ್ಪಿಯನ್. ಗಲ್‌ಗಳಿಗೆ ಮೀನು ಇಳಿಸೋ ಬಂದರಿಗೆ ಹೋಗಿ, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ತದಡಿ, ಬೋಟು ಬರೋ ಹೊತ್ತಿಗೆ. ಕೈರಂಪಣಿ ಬಲೆ ಎಳೀತಿರೋ ಕಡೆನೂ ಸುತ್ತುತ್ತಿರ್ತವೆ. ಬ್ರೌನ್-ಹೆಡೆಡ್ ಹಾರಿದಾಗ ರೆಕ್ಕೆಯ ಕಪ್ಪು ತುದಿಯೊಳಗೆ ಬಿಳಿ ಚುಕ್ಕೆ ಕಾಣತ್ತೆ, ಬ್ಲ್ಯಾಕ್-ಹೆಡೆಡ್‌ಗೆ ಆ ಚುಕ್ಕೆ ಇಲ್ಲ, ರೆಕ್ಕೆ ಮುಂಚೂಣಿ ಬಿಳಿ. ಕಂದು ಬಣ್ಣದ ದೊಡ್ಡ ಗಲ್ ಮರಿಗಳ ಹಿಂದೆ ಮೊದಲ ವರ್ಷವೇ ಬೀಳ್ಬೇಡಿ, ಅವಕ್ಕೆ ದೊಡ್ಡ ಹಕ್ಕಿ ಪುಕ್ಕ ಬರೋಕೇ ಸುಮಾರು 4 ವರ್ಷ ಬೇಕು, ಅಲ್ಲಿ ತನಕ ವರ್ಷಕ್ಕೊಂದು ವೇಷ.

ಹತ್ರ ಹೋಗೋ ಬಗ್ಗೆ ನಾನು ಸ್ವಲ್ಪ ಸ್ಟ್ರಿಕ್ಟ್. ಭರತದ ಹೊತ್ತಲ್ಲಿ ದಿಬ್ಬದ ಮೇಲೆ ನಿಂತ ಗುಂಪು ರೆಸ್ಟ್ ತಗೋತಾ ಇದೆ, ಸಾವಿರಾರು ಕಿಲೋಮೀಟರ್ ಹಾರಿ ಬಂದು ಕರಗಿದ ಕೊಬ್ಬನ್ನ ಮತ್ತೆ ತುಂಬ್ಕೊಳ್ಬೇಕು, ನೀವು ಫ್ಲೈಟ್ ಶಾಟ್ ಬೇಕು ಅಂತ ಓಡಿದ್ರೆ ಅದನ್ನ ಮತ್ತೆ ಖರ್ಚು ಮಾಡಿಸಿದ ಹಾಗೆ. ತಿನ್ನೋದು ನಿಲ್ಸಿ ಕತ್ತು ಎತ್ತಿದ್ವಾ, ನೀವೂ ನಿಂತ್ಬಿಡಿ. ಜೊತೆಗೆ ಬಂದೋರೆಲ್ಲಾ ಒಂದೇ ಬದಿಲಿ ನಿಂತ್ರೆ ಸಾಕು, ಸುತ್ತುವರೀಬೇಡಿ. ಗುಂಪು ಗಾಳಿಗೆ ಮುಖ ಮಾಡಿ ನಿಲ್ಲತ್ತೆ, ಆ ಲೆಕ್ಕದಲ್ಲಿ ನಿಮ್ಮ ಜಾಗ ಆರ್ಸ್ಕೊಂಡ್ರೆ ಬೆನ್ನು ನೋಡೋ ಬದಲು ಮುಖ ನೋಡ್ಬಹುದು. ಬೀಚ್ ಮೇಲೆ ಜೀಪ್ ಓಡ್ಸೋರ ಬಗ್ಗೆ ಬರೆಯೋಕೆ ಹೋದ್ರೆ ಬೈಗುಳ ಆಗತ್ತೆ, ಬಿಡಿ. ಬಳಚು ತೆಗೆಯೋ ಅಕ್ಕಂದಿರು, ಬಲೆ ಬೀಸೋ ಅಣ್ಣಂದಿರು ಕೆಲಸ ಮಾಡ್ತಿರೋ ಜಾಗ ಅದು, ಕೇಳಿ ಇಳೀರಿ, ಅವರ ಫೋಟೋ ಸುಮ್ಸುಮ್ನೆ ತೆಗೀಬೇಡಿ, ಬೈನಾಕ್ಯುಲರ್ ಒಂದು ನಿಮಿಷ ಅವರ ಕೈಗೂ ಕೊಡಿ. ಎಲ್ಲಿ ಕೆಸರು ಗಟ್ಟಿ, ಎಲ್ಲಿ ಸೊಂಟದ ತನಕ ಹೂತುಹೋಗತ್ತೆ ಅಂತ ಗೊತ್ತಿರೋದು ಅವರಿಗೆ ಮಾತ್ರ.

ಜೀವದ ವಿಷಯ ಎರಡು. ಮರಳ ದಿಬ್ಬಕ್ಕೆ ನಡ್ಕೊಂಡು ಹೋಗಿದ್ರೆ ವಾಪಸ್ ಬರೋ ದಾರಿ ಭರತದಲ್ಲಿ ಮುಳುಗತ್ತಾ ಅಂತ ಮೊದಲೇ ಕೇಳಿ, ನೀರು ನಿಮ್ಮ ಹಿಂದಿನಿಂದ ಬಂದು ದಾರಿ ಮುಚ್ಚತ್ತೆ, ಅಳಿವೆ ಬಾಗಿಲಲ್ಲಿ ಸೆಳೆತ ಈಜು ಬರೋರನ್ನೂ ಬಿಡಲ್ಲ. ಇನ್ನೊಂದು, ಅಕ್ಟೋಬರ್‌ನಲ್ಲಿ ಮಧ್ಯಾಹ್ನ ಮೇಲೆ ಘಟ್ಟದ ಕಡೆಯಿಂದ ಗುಡುಗು ಮಳೆ ಬರತ್ತೆ, ಬಟ್ಟಬಯಲಲ್ಲಿ ಟ್ರೈಪಾಡ್ ಹಿಡಿದು ನಿಂತಿರೋ ನೀವೇ ಅಲ್ಲಿ ಎತ್ತರದ ವಸ್ತು, ಮೊದಲ ಗುಡುಗಿಗೇ ಎದ್ದು ಮನೆ ಅಥವಾ ಕಾರು ಸೇರ್ಕೊಳ್ಳಿ.

ನೋಡಿದ್ದನ್ನ ಇ-ಬರ್ಡ್‌ಗೆ (ಹಕ್ಕಿ ಲಿಸ್ಟ್ ಹಾಕೋ ವೆಬ್‌ಸೈಟ್, ಆಪ್) ಹಾಕಿ, ಒಂದೊಂದು ಜಾಗಕ್ಕೆ ಬೇರೆ ಬೇರೆ ಲಿಸ್ಟ್, ಕಾಮೆಂಟಲ್ಲಿ ಭರತನಾ ಇಳಿತನಾ ಅಂತ ಒಂದು ಪದ ಸೇರ್ಸಿ, ಮುಂದಿನ ವರ್ಷ ನಿಮಗೇ ಉಪಯೋಗ. ದೊಡ್ಡ ಗುಂಪು ಎಣಿಸೋಕೆ ಮೊದಲು ಹತ್ತು ಹಕ್ಕಿ ಎಣಿಸಿ ಅದು ಎಷ್ಟು ಜಾಗ ಹಿಡಿಯತ್ತೆ ನೋಡ್ಕೊಳ್ಳಿ, ಆ ಅಳತೇಲಿ ಮುಂದೆ ಸಾಗಿ. ಜಾತಿ ಗೊತ್ತಾಗದಿದ್ರೆ ಸ್ಯಾಂಡ್ ಪ್ಲೋವರ್ ಅಂತಷ್ಟೇ ಹಾಕಿ, ಅದು ಅವಮಾನ ಅಲ್ಲ. ಕಾಲಲ್ಲಿ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಇರೋ ಹಕ್ಕಿ ಕಂಡ್ರೆ ಯಾವ ಕಾಲು, ಮಂಡಿ ಮೇಲೋ ಕೆಳಗೋ, ಯಾವ ಬಣ್ಣ, ಅಕ್ಷರ ಏನು ಅಂತ ಬರ್ಕೊಂಡು, ಫೋಟೋ ತೆಗೆದು ಮುಂಬೈಯ ಬಿಎನ್‌ಎಚ್‌ಎಸ್‌ಗೆ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ಕಳ್ಸಿ, ಎಲ್ಲಿ ಪಟ್ಟಿ ಹಾಕಿದ್ದು ಅಂತ ಗೊತ್ತಾಗೋ ದಾರಿ ಅದೇ.

ನವೆಂಬರ್‌ನಲ್ಲಿ ಹೋದ್ರೆ ಕೆಸರು ನೋಡ್ತಾ ನೋಡ್ತಾ ಆಗಾಗ ತಲೆ ಎತ್ತಿ. ಆ ಹೊತ್ತಲ್ಲಿ ಅಮುರ್ ಫಾಲ್ಕನ್ ಅನ್ನೋ ಬೇಟೆ ಹಕ್ಕಿಗಳು ಅರಬ್ಬಿ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗ್ತವೆ. ಅಕ್ಟೋಬರ್‌ನಿಂದ್ಲೇ ತೀರದಲ್ಲಿ ಹಳದಿ ಏರೋಪ್ಲೇನ್ ಚಿಟ್ಟೆಗಳ (ಡ್ರ್ಯಾಗನ್‌ಫ್ಲೈ) ಹಿಂಡು ಹಾರ್ತಿರೋದು ನೀವೂ ನೋಡಿರ್ತೀರಿ, ಅವೂ ಗಾಳಿ ಹಿಡಿದು ಮಾಲ್ಡೀವ್ಸ್ ಮೇಲಿಂದ ಪೂರ್ವ ಆಫ್ರಿಕಾಕ್ಕೆ ಹೋಗ್ತವೆ ಅಂತ ಮಾಲ್ಡೀವ್ಸ್‌ನಲ್ಲಿದ್ದ ಜೀವಶಾಸ್ತ್ರಜ್ಞ ಚಾರ್ಲ್ಸ್ ಆ್ಯಂಡರ್ಸನ್ 2009ರಲ್ಲಿ ಬರೆದಿದ್ರು, ಫಾಲ್ಕನ್‌ಗಳು ದಾರಿ ಮಧ್ಯೆ ಅವನ್ನೇ ತಿಂತಾ ಹೋಗ್ತಿರ್ಬಹುದು ಅನ್ನೋದೂ ಅವರದ್ದೇ ಊಹೆ. ಈ ಫಾಲ್ಕನ್ ಪಾರಿವಾಳದಷ್ಟೇ ಗಾತ್ರ, ರೆಕ್ಕೆ ಉದ್ದ ಚೂಪು, ಗಂಡು ಹಾರಿದಾಗ ರೆಕ್ಕೆ ಅಡಿಯ ಮುಂಭಾಗ ಬೆಳ್ಳಗೆ ಕಾಣತ್ತೆ, ಎತ್ತರದಲ್ಲಿ ಹೋಗೋದ್ರಿಂದ ಬರಿಗಣ್ಣಿಗೆ ಸಿಗೋದು ಕಮ್ಮಿ, ಮೋಡ ಇರೋ ಕಡೆ ಬೈನಾಕ್ಯುಲರ್ ಇಟ್ಟು ನಿಧಾನ ಹುಡುಕಿ, ನೀಲಿ ಆಕಾಶದಲ್ಲಿ ಚುಕ್ಕೆ ಹುಡುಕೋದಕ್ಕಿಂತ ಬಿಳಿ ಮೋಡದ ಮೇಲೆ ಬೇಗ ಸಿಗತ್ತೆ.